ಅವಳನ್ನು ಕೇಳದೆ ಹಿಂತೆಗೆದದ್ದು

ಪುತ್ತೂರಿನ ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದ ಸಮನ್ವಿತಾ, ರಿಕ್ಷಾದಿಂದ ಇಳಿದ ಅತಿಥಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಸಂಪ್ರೀತ್!

ಬ್ಲ್ಯಾಕ್ ಹೋಲ್ ಬಗ್ಗೆ ಮಾತಾಡಲು ಬರಬೇಕಿದ್ದವರು ಬೇರೊಬ್ಬ ಪ್ರೊಫೆಸರ್. ಅವರಿಗೆ ಹುಷಾರಿಲ್ಲವೆಂದು ತಿಳಿದದ್ದೇ, ಇವನು ತಾನಾಗಿ ಕೇಳಿಕೊಂಡು ಅವರ ಬದಲಿಗೆ ಬಂದಿದ್ದ.

"ಸ್ವಾಗತ ಸರ್," ಎಂದಳು. ಒಂದು ಕಾಲದಲ್ಲಿ ಮದುವೆಯಾಗಬೇಕೆಂದಿದ್ದವನಿಗೆ!

ಎರಡು ವರ್ಷದ ಹಿಂದೆ ಪುಣೆಯಲ್ಲಿ ಇಬ್ಬರದ್ದೂ ಒಂದೇ ಸಂಶೋಧನೆ. ಬ್ಲ್ಯಾಕ್ ಹೋಲ್‌ಗೆ ಅನಿಲ ಸುತ್ತಿ ಸುತ್ತಿ ಬೀಳುವುದು, ಕಾದ ಅನಿಲದಿಂದ ಹೊಮ್ಮುವ ಬೆಳಕು ಆ ಅನಿಲವನ್ನೇ ಹೊರಗೆ ತಳ್ಳುವುದು... ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪ್ರೋಗ್ರಾಂ. ಅನಿಲದ ಭಾಗ ಅವಳದ್ದು, ಬೆಳಕಿನ ಭಾಗ ಅವನದ್ದು. ಇಬ್ಬರೂ ಸೇರಿ ಬರೆದ ಪ್ರಬಂಧ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಣೆಗೆ ಒಪ್ಪಿಗೆಯಾದ ದಿನ ಅವಳು ಖುಷಿಯಿಂದ ಅತ್ತಿದ್ದಳು.

ಸ್ವಲ್ಪದರಲ್ಲೇ ಅಪ್ಪನ ಹೃದಯದ ಆಪರೇಷನ್ ಎಂದು ಊರಿಗೆ ಬಂದಳು. ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದಾಗ ಪುಣೆಯ ಗೈಡ್‌ರಿಂದ ಇಮೇಲ್ ಬಂತು. ಲೆಕ್ಕದಲ್ಲಿ ತಪ್ಪು ಸಿಕ್ಕಿದೆ, ಸಂಪ್ರೀತ್ ಪ್ರಬಂಧವನ್ನು ಹಿಂತೆಗೆದಿದ್ದಾನೆ. ಯಾರ ತಪ್ಪು ಎಂದು ಅದರಲ್ಲಿರಲಿಲ್ಲ.

ನನ್ನನ್ನು ಒಂದು ಮಾತೂ ಕೇಳದೆ...? ತಪ್ಪನ್ನು ನನ್ನ ತಲೆಗೆ ಕಟ್ಟಿ ತಾನು ಪಾರಾದನೇ?

ಆಮೇಲೆ ಅವನ ಫೋನನ್ನು ಅವಳು ಎತ್ತಲೇ ಇಲ್ಲ. ಪುಣೆಗೆ ಮರಳಲೂ ಇಲ್ಲ. ಐವರ್ನಾಡಿನ ಮನೆಯಿಂದ ಬಸ್ಸು ಹಿಡಿದು ಈ ಕಾಲೇಜಿಗೆ ಬಂದು ಪಾಠ ಮಾಡುವುದೇ ಬದುಕಾಯಿತು.

ಉಪನ್ಯಾಸ ಮುಗಿದ ಮೇಲೆ ಅವನು ಅವಳನ್ನು ಹುಡುಕಿಕೊಂಡು ಲ್ಯಾಬಿಗೆ ಬಂದ. ತಪ್ಪಿದ್ದದ್ದು ನನ್ನ ಬೆಳಕಿನ ಭಾಗದಲ್ಲೇ, ಗೈಡಿಗೂ ಅದನ್ನೇ ಹೇಳಿದ್ದೇನೆ, ಆಪರೇಷನ್ ಹೊತ್ತಿಗೆ ನಿನ್ನ ಮನಸ್ಸು ಕೆಡಿಸುವುದು ಬೇಡವೆನಿಸಿತು ಎಂದ.

ಅವಳ ಅನುಮಾನ ಹೋಯಿತು. ನೋವು ಹೋಗಲಿಲ್ಲ.

"ತಪ್ಪು ಯಾರದ್ದು ಅಂತ ಅಲ್ಲ ಸಂಪ್ರೀತ್. ಅದರಲ್ಲಿ ನನ್ನ ಹೆಸರೂ ಇತ್ತು. ನನಗೆ ಎಂತ ತಡ್ಕೊಳ್ಳಲಿಕ್ಕೆ ಆಗ್ತದೆ, ಎಂತ ಆಗುದಿಲ್ಲ ಅಂತ ನೀನೇ ತೀರ್ಮಾನ ಮಾಡಿದೆಯಲ್ಲ... ಅದು ಮೋಸ."

"ಹೌದು," ಎಂದ.

ಆಮೇಲೆ ಲ್ಯಾಪ್‌ಟಾಪ್ ತೆರೆದ. ತಪ್ಪು ತಿದ್ದಿ ಕಂಪ್ಯೂಟರಿನಲ್ಲಿ ಮತ್ತೆ ಹಾಕಿದ ಲೆಕ್ಕ ಅದರಲ್ಲಿತ್ತು. ಗೈಡ್ ಎಷ್ಟು ಅವಸರ ಮಾಡಿದರೂ, ಅವಳು ನೋಡದೆ ಅದನ್ನು ಯಾವ ಪತ್ರಿಕೆಗೂ ಕಳಿಸಿರಲಿಲ್ಲವಂತೆ.

ನೋಡಬಾರದು ಎಂದುಕೊಂಡೇ ನೋಡಿದಳು. ಕೊನೆಗೆ ಪರದೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಅನಿಲ ಇಷ್ಟು ತಣ್ಣಗೆ ಇರ್ಲಿಕ್ಕೆ ಸಾಧ್ಯವೇ ಇಲ್ಲ. ಬೆಳಕಿನ ಭಾಗದಲ್ಲಿ ಇನ್ನೂ ತಪ್ಪು ಉಂಟು."

"ಹಾಗಾದ್ರೆ ಕಳಿಸುದು ಬೇಡ."

"ನನ್ನ ಸಿಟ್ಟು ಹೋಗ್ಲಿಲ್ಲ."

"ಗೊತ್ತುಂಟು. ನನ್ನ ಪ್ರೀತಿಯೂ ಹೋಗ್ಲಿಲ್ಲ... ನಾನೀಗ ಎಂತ ಮಾಡ್ಬೇಕು, ನೀನೇ ಹೇಳು."

ಅವಳ ಕಣ್ಣು ತುಂಬಿತು. ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು.

"ಮೊದಲು ಕೂತ್ಕೊ. ಆ ಬೆಳಕಿನ ಭಾಗ ಓಪನ್ ಮಾಡು. ಒಟ್ಟಿಗೆ ನೋಡುವ."