ನಡುವಿನ ಕೆಪಾಸಿಟೆನ್ಸ್

“ವೇದವಲ್ಲಿ-ಸಾನ್, ಇದನ್ನ ಒಂದ್ಸಲ ಚೆಕ್ ಮಾಡ್ತೀರಾ?”

ಸಾನ್ ಅಂತೆ, ಸಾನ್! ಮೈಸೂರಿನ ಸರಸ್ವತಿಪುರಂನವನು ಬಸವನಗುಡಿಯವಳಿಗೆ ಜಪಾನಿನ ಶಿನಾಗಾವಾ ಆಫೀಸಿನಲ್ಲಿ ನಿಂತು, ನಮ್ಮಲ್ಲಿ ‘ಅವರೇ’ ಅನ್ನುವ ಹಾಗೆ, ಸಾನ್ ಅನ್ನುತ್ತಾನೆ. ಹನ್ನೊಂದು ದಿನದಿಂದ ಇದೇ ಕಥೆ. ಅದಕ್ಕೂ ಮೊದಲು ನಾನು ಬರೀ ವೇದಾ ಆಗಿದ್ದೆ.

ತೇಜಸ್ವಿ ನನ್ನ ಮುಖ ನೋಡದೆ ಲ್ಯಾಪ್‌ಟಾಪ್ ಇಟ್ಟ. ಕಿವಿಯ ತುದಿ ಕೆಂಪಗಿತ್ತು. ನಾನು ನೋಡಿದೆ, ನೋಡದವಳ ಹಾಗೆ.

ಗಂಟೆ ಹತ್ತೂವರೆ. ಒಂದಕ್ಕೆ ಮ್ಯಾನೇಜರ್ ಮೋರಿತಾ-ಸಾನ್ ಮುಂದೆ ರಿವ್ಯೂ. ನಮ್ಮ ಸರ್ಕ್ಯೂಟ್ ಬೋರ್ಡಿನಲ್ಲಿ ಎರಡು ಸಿಗ್ನಲ್ ಲೈನುಗಳು ಅಕ್ಕಪಕ್ಕದಲ್ಲೇ ಓಡುತ್ತವೆ. ಲ್ಯಾಬಿನಲ್ಲಿ ಅಳೆದರೆ ಸಿಗ್ನಲ್ ಚುರುಕಾಗಿದೆ. ತೇಜಸ್ವಿಯ ಸಿಮ್ಯುಲೇಷನ್‌ನಲ್ಲಿ ಮಾತ್ರ ನಿಧಾನವಾಗಿ, ಸೊರಗಿಕೊಂಡು ಬರುತ್ತಿತ್ತು.

ನನ್ನನ್ನು ಕೊರೆಯುತ್ತಿದ್ದದ್ದು ಅದಲ್ಲ. ಬೆಳಿಗ್ಗೆ ಲಿಫ್ಟಿನಲ್ಲಿ ಸಹೋದ್ಯೋಗಿ ಗಗನ್ ಹೇಳಿದ್ದ: “ತೇಜಸ್ವಿ ಹಮಾಮತ್ಸುಗೆ ಟ್ರಾನ್ಸ್‌ಫರ್ ಕೇಳಿದಾನೆ. ರಿವ್ಯೂ ಮುಗಿದ ತಕ್ಷಣ ಮೋರಿತಾ-ಸಾನ್ ಹಾಂಕೋ ಒತ್ತುತ್ತಾರಂತೆ.” ಆ ಮೊಹರು ಒಮ್ಮೆ ಬಿದ್ದ ಕಾಗದವನ್ನು ವಾಪಸ್ ಪಡೆದವರನ್ನು ನಾನಂತೂ ಈ ಆಫೀಸಿನಲ್ಲಿ ಕಂಡಿಲ್ಲ.

ಹನ್ನೊಂದು ದಿನದ ಹಿಂದೆ ಉರಯಾಸುವಿನ ಕೊಂಬಿನಿ ಅಂಗಡಿಯಲ್ಲಿ, ಕಾಫಿ ಮೆಷಿನ್ ಮುಂದೆ, “ವೇದಾ, ನನ್ನ ಮದ್ವೆ ಆಗ್ತೀಯಾ?” ಎಂದು ಕೇಳಿದವನು ಇವನೇ. ಕೇಳಿದ ಮೇಲೆ ಹೀಗೆ ಓಡಿಹೋಗುವುದೇ? ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಭಯವಾಯಿತು. ಇವನಿಲ್ಲದ ಶಿನಾಗಾವಾ ನನಗೆ ಬೇಡವಾಗಿತ್ತು.

ಮಾಡೆಲ್ ಫೈಲನ್ನು ಸಾಲು ಸಾಲಾಗಿ ಓದಿದೆ. ಹನ್ನೆರಡೂ ಮುಕ್ಕಾಲಿಗೆ ತಪ್ಪು ಸಿಕ್ಕಿತು.

“ಈ ನಂಬರ್ ಏನು?”

“ಲೈನಿಗೂ ಗ್ರೌಂಡಿಗೂ ಮಧ್ಯ ಇರೋ ಕೆಪಾಸಿಟೆನ್ಸ್.” ಲೈನು ಚಾರ್ಜ್ ಹಿಡಿದಿಟ್ಟುಕೊಳ್ಳುವ ಅಳತೆ ಅದು; ಹೆಚ್ಚಿದಷ್ಟೂ ಸಿಗ್ನಲ್ ನಿಧಾನ.

“ಅಲ್ಲ. ಈ ಟೂಲ್ ಕೊಡೋದು ಒಟ್ಟು ಮೊತ್ತ. ಪಕ್ಕದ ಲೈನಿನ ಪಾಲೂ ಇದ್ರೊಳಗೇ ಇದೆ. ನೀನು ಎರಡು ಲೈನ್ ನಡುವಿನದನ್ನ ಮೇಲಿಂದ ಇನ್ನೊಂದ್ಸಲ ಸೇರ್ಸಿದೀಯ. ಡಬಲ್ ಕೌಂಟಿಂಗ್.”

ಅವನು ಸ್ಕ್ರೀನ್ ನೋಡಿದ. ಆಮೇಲೆ, ಹನ್ನೊಂದು ದಿನಗಳಲ್ಲಿ ಮೊದಲ ಸಲ, ನನ್ನನ್ನು ನೋಡಿದ. ಕಣ್ಣ ಕೆಳಗೆ ಕಪ್ಪಾಗಿತ್ತು. ನಿದ್ದೆ ಮಾಡಿಲ್ಲ, ಕಳ್ಳ.

“ಹಳೇ ಟೂಲ್ ಬರೀ ಗ್ರೌಂಡಿಂದು ಕೊಡ್ತಿತ್ತು. ಅದೇ ಅಭ್ಯಾಸದಲ್ಲಿ ಓದ್ಬಿಟ್ಟೆ,” ಎಂದ. ತಿದ್ದಿ, ರನ್ ಒತ್ತಿದ.

“ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?” ನಾನು ಹೇಳಹೊರಟಿದ್ದು ಮಾಡೆಲ್ ಬಗ್ಗೆಯೇ. ಬಾಯಿ ಅಲ್ಲಿಗೇ ನಿಲ್ಲಲಿಲ್ಲ. “ಎಲ್ಲಾ ನೀನೇ ಓದ್ಕೊಂಡು, ನೀನೇ ಡಿಸೈಡ್ ಮಾಡ್ಕೊಂಡು, ಹಮಾಮತ್ಸುಗೆ ಹೊರಟ್ಬಿಡೋದಾ?”

“ಇನ್ನೇನ್ ಮಾಡ್ಲಿ? ನೀನೇ ಬೇಡ ಅಂದ್ಯಲ್ಲ.”

“ನಾನಾ? ಯಾವಾಗ?”

“ಕೊಂಬಿನಿಲಿ. ‘ನೋಡೋಣ’ ಅಂದೆ.”

ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಆರು ವರ್ಷ ಇಲ್ಲಿನ ಕ್ಲೈಂಟ್ ಮೀಟಿಂಗುಗಳಲ್ಲಿ ಬೆಂದವನು ಇವನು. ಇಲ್ಲಿ ಯಾರಾದರೂ ನಗುನಗುತ್ತಾ ‘ಕೆಂತೋ ಶಿಮಾಸು’, ಅಂದರೆ ಪರಿಶೀಲಿಸುತ್ತೇವೆ, ಎಂದರೆ ಆಗಲ್ಲ ಅಂತಲೇ ತಿಳಿಯಬೇಕು. ಮರ್ಯಾದೆಯಿಂದ ಎದ್ದು ಬರಬೇಕು, ಮತ್ತೆ ಕೇಳಬಾರದು. ಈ ಮಹಾನುಭಾವ ನನ್ನ ಬಸವನಗುಡಿಯ ‘ನೋಡೋಣ’ವನ್ನು ಜಪಾನೀಸಿನಲ್ಲಿ ಓದಿಕೊಂಡು, ಮರ್ಯಾದೆಯಿಂದ ಎದ್ದು ಹೋಗಿದ್ದಾನೆ!

“ಅಯ್ಯೋ ಪೆದ್ದ! ನಾಚಿಕೆ ಆದಾಗ ಇನ್ನೇನಂತಾರೋ ನಮ್ಮಲ್ಲಿ? ಮಾರನೇ ದಿನ ನೀನು ಇನ್ನೊಂದ್ಸಲ ಕೇಳ್ತೀಯ ಅಂತ ಕಾಯ್ತಾ ಕೂತಿದ್ದೆ!”

ಅವನು ನಿಧಾನವಾಗಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. “ಹಾಗಾದ್ರೆ ಈಗ್ಲೇ ಕೇಳ್ತೀನಿ. ನಂಗೆ ಅರ್ಥ ಆಗೋ ಥರ ಹೇಳು.”

ಪಾರ್ಟಿಷನ್ ಆಚೆ ಜನ ರಿವ್ಯೂಗೆ ಏಳುತ್ತಿದ್ದರು.

“ಆಗ್ತೀನಿ. ನಿನ್ನನ್ನೇ ಆಗ್ತೀನಿ. ನಿನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಸಾಕಾ, ಇಲ್ಲ ಗ್ರಾಫ್ ಬೇಕಾ?”

ಅವನು ನಕ್ಕ. ನನಗೆ ಅಳು ಬಂತು. ಅಷ್ಟರಲ್ಲಿ ಸಿಮ್ಯುಲೇಷನ್ ಮುಗಿದು, ಅದರ ಗೆರೆ ಲ್ಯಾಬಿನ ಗೆರೆಯ ಮೇಲೆ ಹೋಗಿ ಕೂತಿತ್ತು. ಇಬ್ಬರೂ ಅದನ್ನು ಸರಿಯಾಗಿ ನೋಡಲೂ ಇಲ್ಲ.

ರಿವ್ಯೂ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮೋರಿತಾ-ಸಾನ್ ತಲೆಯಾಡಿಸಿ, ಫೈಲಿನಿಂದ ಆ ಟ್ರಾನ್ಸ್‌ಫರ್ ಕಾಗದ ತೆಗೆದು, ಹಾಂಕೋದ ಮುಚ್ಚಳ ಬಿಚ್ಚಿದರು.

“ಸುಮಿಮಾಸೆನ್, ಕ್ಷಮಿಸಿ!” ತೇಜಸ್ವಿ ಎದ್ದ ರಭಸಕ್ಕೆ ಕುರ್ಚಿ ಹಿಂದೆ ಉರುಳಿಹೋಯಿತು. “ದಯವಿಟ್ಟು ಅದನ್ನು ವಾಪಸ್ ಕೊಡಿ.”

“ಕಾರಣ?”

‘ಮನೆಯ ತೊಂದರೆ’ ಅಂದುಬಿಟ್ಟಿದ್ದರೆ ಇಲ್ಲಿ ಯಾರೂ ಮುಂದೆ ಕೇಳುವುದಿಲ್ಲ. ಅವನು ಹಾಗೆ ಅನ್ನಲಿಲ್ಲ. ಸೊಂಟದವರೆಗೆ ಬಗ್ಗಿದ, ನೆಟ್ಟಗಾದ, ಅಂಗೈಯನ್ನು ನನ್ನ ಕಡೆ ಚಾಚಿ ಅಚ್ಚ ಜಪಾನೀಸಿನಲ್ಲಿ ಹೇಳಿದ: “ನಾನು ಇವರನ್ನು ಮದುವೆಯಾಗುತ್ತಿದ್ದೇನೆ.”

ಬಸವನಗುಡಿಯಲ್ಲಿ ಆಗಿನ್ನೂ ಬೆಳಿಗ್ಗೆ; ಅಮ್ಮ ತಿಂಡಿಗೆ ಕೂತಿರಬೇಕು, ಅವಳಿಗೆ ಏನೇನೂ ಗೊತ್ತಿಲ್ಲ. ಇಲ್ಲಿ ಹನ್ನೆರಡು ಜನ ಜಪಾನೀಯರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.