ಪಿಶಿಮಾ ಬಡಿಸಿದ ಪಾಯಸದಲ್ಲಿ ವಿಷವಿತ್ತೇ?

ಇದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಿದ್ದರೂ, ಹೇಳಿದ ನಾಲಿಗೆಗೆ ಈ ಜನ್ಮದಲ್ಲಿ ಮತ್ತೆ ಮಿಷ್ಟಿ ದೊಯಿ ತಾಗದಿರಲಿ. ಕೋಲ್ಕತ್ತಾದಲ್ಲಿ ಸಿಹಿ ಮೊಸರಿಗಿಂತ ದೊಡ್ಡ ಆಣೆ ಇಲ್ಲ.

ಸಿಯಾಲ್ದಾ ಸ್ಟೇಷನ್ನಿನ ಹಿಂದಿನ ಗಲ್ಲಿ. ಹಾರ್ಮೋನಿಯಂ ರಿಪೇರಿ ಅಂಗಡಿಯ ಮೇಲೊಂದು ಕೋಣೆ. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ. ಒಳಗೆ ಹನ್ನೆರಡು ಜನ, ಎಲ್ಲರ ಮೈಮೇಲೂ ಕಪ್ಪು ಟೀ ಶರ್ಟು. ನಡುವೆ ನಿಂತು ಕೂಗಾಡುತ್ತಿದ್ದವಳು ಮೇಧಾ.

ಇಪ್ಪತ್ತೇಳು ವರ್ಷ. ವಿಶ್ವವಿದ್ಯಾಲಯದಲ್ಲಿ ಸೊಳ್ಳೆಗಳ ಮೇಲೆ ಸಂಶೋಧನೆ. ಅಪ್ಪ ನರಸಿಂಹಮೂರ್ತಿ ಮೈಸೂರಿನವರು, ಸಿಯಾಲ್ದಾದ ರೈಲ್ವೆ ಕಚೇರಿಯಲ್ಲಿ ವೇಳಾಪಟ್ಟಿ ನೋಡುವವರು. ಮನೆ ಕಸ್ಬಾದಲ್ಲಿ. ಹುಡುಗಿ ಸಾಧು. ಕಂಕಾಲ್ ರಾಯ್ ವಿಷಯ ಒಂದನ್ನು ಬಿಟ್ಟು.

ಕಂಕಾಲ್ ರಾಯ್ ಯಾರೆಂದರೆ, ಮುಖಕ್ಕೆ ಸುಣ್ಣದಂಥ ಬಣ್ಣ ಬಳಿದುಕೊಂಡು ಹೆವಿ ಮೆಟಲ್ ಹಾಡುವ ಗಾಯಕ. ಅವನ ಒಂದೊಂದು ಆಲ್ಬಮ್ಮೂ ಒಂದೊಂದು ದೆವ್ವದ ಕಥೆ; 'ಪಿಶಿಮಾ', ಅಂದರೆ ಸೋದರತ್ತೆ, ಅಂಥದ್ದೊಂದು. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕಾದಂಬರಿಯ ಅಧ್ಯಾಯಗಳ ಹಾಗೆ ಸಾಗುತ್ತದೆ. ಬದುಕಿರುವವರಿಗೆ ತಗ್ಗಿನ ದನಿ, ಸತ್ತವರಿಗೆ ಕೀರಲು ದನಿ. ಆ ಕೀರಲು ದನಿ ಏರಿತೆಂದರೆ ಹೌರಾ ಸೇತುವೆಯ ಪಾರಿವಾಳಗಳು ಆಚೆ ದಡಕ್ಕೆ ಹಾರಿ ಊಟದ ಹೊತ್ತಿನವರೆಗೆ ವಾಪಸು ಬರುತ್ತಿರಲಿಲ್ಲ. ಒಮ್ಮೆ ಹೂಗ್ಲಿಯ ಹಿಲ್ಸಾ ಮೀನುಗಳು ತಾವಾಗಿಯೇ ದೋಣಿಗೆ ಹಾರಿ ಶರಣಾದವಂತೆ. ನೋಡಿದವರಿದ್ದಾರೆ.

"ನಾಲ್ಕನೇ ಆಲ್ಬಮ್ಮಲ್ಲಿ ಏನು ಮಾಡ್ದ?" ಮೇಧಾ ಹಿಂದಿ, ಇಂಗ್ಲಿಷು, ಬಂಗಾಳಿ ಮೂರನ್ನೂ ಕಲಸಿ ಗುಡುಗಿದಳು. "ಆರು ಹಾಡು ಹೆದರಿಸಿ, ಏಳನೇದ್ರಲ್ಲಿ ಅದು ದೆವ್ವ ಅಲ್ಲ, ಗ್ಯಾಸ್ ಲೀಕು ಅಂದ! ಗ್ಯಾಸ್! ನಾವೇನು ಸಿಲಿಂಡರ್ ಬುಕ್ ಮಾಡೋಕೆ ಬಂದಿದ್ವಾ? ಸಾಲದ್ದಕ್ಕೆ ಕಥೆಯಲ್ಲಿರೋ ವಕೀಲನಿಗೆ ಕೀರಲು ದನಿ! ವಕೀಲ ಬದುಕಿದಾನೆ! ಬದುಕಿರೋನಿಗೆ ಕೀರಲು ದನಿ ಕೊಡೋದು ಮೋಸ!"

ಅವನ ಅಭಿಮಾನಿ ಸಂಘದ ಹನ್ನೊಂದು ತಲೆಗಳು ಅಲ್ಲಾಡಿದವು.

"ಅವನು ಮಾಡಿದ ನಿಜವಾದ ಹಾರರ್ ಒಂದೇ. 'ಪಿಶಿಮಾ'. ಯಾಕೆ? ಅದ್ರಲ್ಲಿ ಪ್ರೀತಿ ಅನ್ನೋದರ ವಾಸನೆ ಕೂಡ ಇಲ್ಲ!"

"ತಪ್ಪು," ಎಂದಿತು ಹಿಂದಿನಿಂದ ಒಂದು ದನಿ, ಹಿಂದಿಯಲ್ಲಿ. "ಅದು ಪ್ರೇಮಕಥೆ."

ಹನ್ನೆರಡು ತಲೆಗಳು ತಿರುಗಿದವು!

ಬಾಗಿಲ ಹತ್ತಿರ ಎತ್ತರದ ಹುಡುಗನೊಬ್ಬ ನಿಂತಿದ್ದ. ಹೊಸಬ. ಇಸ್ತ್ರಿ ಮಾಡಿದ ಬಿಳಿ ಅಂಗಿ!

ಮೇಧಾಳ ಕಿವಿಗಳು ಕೆಂಪಾದವು. ತೀರಾ ಕೋಪ ಬಂದಾಗ ಅವಳಿಗೆ ಅಜ್ಜಿ ಕಲಿಸಿದ ಕನ್ನಡವೇ ಬರುವುದು. ಅಲ್ಲಿ ಯಾರಿಗೂ ಅರ್ಥವಾಗದೆಂಬ ಧೈರ್ಯ ಬೇರೆ.

"ನಿನ್ನ ಕಿವಿಗೆ ಕಾದೆಣ್ಣೆ ಹುಯ್ಯ!"

ಹುಡುಗ ಕಣ್ಣರಳಿಸಿದ. ಆಮೇಲೆ ನಿಧಾನವಾಗಿ ನಕ್ಕ.

"ಎಣ್ಣಿ ಯಾಕ್ರೀ? ನಿಮ್ಮ ಮಾತ ಸಾಕು."

ಅಯ್ಯೋ ದೇವರೇ... ಧಾರವಾಡ!

ಹೆಸರು ಜಯತೀರ್ಥ. ಖಿದಿರ್‌ಪುರದ ಡಾಕ್‌ನಲ್ಲಿ ಹಡಗುಗಳ ಸರಕು ಇಳಿಸುವ ಲೆಕ್ಕಾಚಾರ ನೋಡುವ ಅಧಿಕಾರಿ. ಬಂದು ಒಂಬತ್ತು ವರ್ಷ. ಒಬ್ಬನೇ.

ಅವತ್ತು ಮೆಟ್ಟಿಲ ಕೆಳಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ಶುರುವಾದ ಜಗಳ ಎರಡು ತಿಂಗಳು ನಡೆಯಿತು.

"ಗಂಡನಿಗೆ ಪಾಯಸದಲ್ಲಿ ವಿಷ ಹಾಕ್ತಾಳೆ ಪಿಶಿಮಾ. ಇದು ಪ್ರೀತೀನಾ?"

"ವಿಷ ಎಲ್ಲದ? ಆ ಹಾಡಿನ್ಯಾಗ ವಿಷ ಅನ್ನೂ ಶಬ್ದ ಒಂದ ಸಲ ತೋರಸ್ರಿ, ನಾ ಹೂಗ್ಲಿಯೊಳಗ ಮುಳುಗ್ತೀನಿ."

"ಹೇಳಬೇಕಾ? ಕೇಳಿದ್ರೆ ಗೊತ್ತಾಗತ್ತೆ!"

"ನಾ ಒಂಬತ್ತು ವರ್ಷ ಕೇಳೇನ್ರಿ. ಬರೇ ಬೆಲ್ಲದ ವಾಸನೀನ ಬಂದದ."

ಒಟ್ಟಿಗೆ ಕೂತು ಕೇಳಿದ್ದರೆ ಜಗಳ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಆದರೆ ಆ ಸಂಘದ ಕಟ್ಟುಪಾಡು ಭಯಂಕರ. 'ಪಿಶಿಮಾ'ವನ್ನು ವರ್ಷಕ್ಕೊಮ್ಮೆ, ಕಾಳಿಪೂಜೆಯ ಹಿಂದಿನ ದಿನ ಬರುವ ಭೂತ ಚತುರ್ದಶಿಯಂದು ಮಾತ್ರ, ಹದಿನಾಲ್ಕು ದೀಪ ಹಚ್ಚಿ, ಉಸಿರೆತ್ತದೆ ಕೇಳಬೇಕು. ಜಯತೀರ್ಥ ಸಂಘಕ್ಕೆ ಬಂದದ್ದು ಆ ವರ್ಷದ ಚತುರ್ದಶಿ ಕಳೆದ ಮೇಲೆ.

"ಆ ಪೋರ್ಟಿನ ಹುಡುಗನ ಜೊತೆ ಇವತ್ತೂ ಜಗಳಾನಾ?" ಎಂದು ಅಮ್ಮ ಇಂದಿರಮ್ಮ ಕೇಳುತ್ತಿದ್ದರು.

"ಅಮ್ಮಾ, ಅವನಂಥ ಮೊಂಡನ್ನ ನಾನು ನೋಡೇ ಇಲ್ಲ!"

"ಹೂಂ. ಅದಕ್ಕೇ ಹೊಸ ಕುರ್ತಾ ಹಾಕ್ಕೊಂಡು ಹೊರಟೆಯಲ್ಲ."

ಜನವರಿಯ ಒಂದು ಶನಿವಾರ, ಹೂಗ್ಲಿಯ ಮೇಲೆ ಫೆರಿ. ಬಿಸಿಲು ಹಿತವಾಗಿತ್ತು. ಜಯತೀರ್ಥ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಮೇಧಾಳಿಗೆ ಕೊಟ್ಟ.

"ಸಂಘದವ್ರಿಗೆ ಹೇಳಬ್ಯಾಡ್ರಿ. ಒಂದ ಸಲ ನನ್ನ ಜೋಡಿ ಕೇಳ್ರಿ."

ಅವನ ಭುಜ ಅವಳ ಭುಜಕ್ಕೆ ತಾಗಿತು. ಕಟ್ಟುಪಾಡು ನದಿಗೆ ಬಿತ್ತು.

ಹಾಡು ಶುರುವಾಯಿತು. ಮೇಧಾಳ ಹುಬ್ಬು ಗಂಟಿಕ್ಕಿತು.

"ಇದು 'ಅಲೋನ್'. ಕೊನೇ ಹಾಡಿಂದ ಯಾಕೆ ಹಾಕಿದ್ರಿ?"

"ಇಲ್ಲಲ್ರೀ. ಇದ ಮೊದಲನೇದು."

ಅವಳು ಫೋನ್ ಕಿತ್ತುಕೊಂಡಳು. ಅಲೋನ್, ಬರಿಯಲ್, ಡೋರ್, ಪಾಯೇಶ್, ರಿಟರ್ನ್, ವೆಡ್ಡಿಂಗ್.

ಎ, ಬಿ, ಡಿ, ಪಿ, ಆರ್, ಡಬ್ಲ್ಯೂ!

ಒಂಬತ್ತು ವರ್ಷದ ಹಿಂದೆ ಯಾರೋ ಸಹೋದ್ಯೋಗಿ ನಂಬರಿಲ್ಲದೆ ಕಾಪಿ ಮಾಡಿಕೊಟ್ಟಿದ್ದ ಹಾಡುಗಳು. ಫೋನು ಅವನ್ನು ಅಕ್ಷರಮಾಲೆಯ ಪ್ರಕಾರ ಶಿಸ್ತಾಗಿ ಸಾಲು ನಿಲ್ಲಿಸಿತ್ತು.

ಕಂಕಾಲ್ ರಾಯ್ ಬರೆದ ಕಥೆ ಹೀಗಿತ್ತು: ಬಲವಂತದ ಮದುವೆ, ವಿಷದ ಪಾಯಸ, ಗಂಡನ ಹೂಳುವಿಕೆ, ಅವನ ಪ್ರೇತ ಮರಳುವುದು, ಬಾಗಿಲ ಮೇಲೆ ಬಡಿತ, ಕೊನೆಗೆ ಪಾಳುಮನೆಯಲ್ಲಿ ಪಿಶಿಮಾ ಒಂಟಿ.

ಜಯತೀರ್ಥ ಕೇಳಿದ ಕಥೆ ಹೀಗಿತ್ತು: ಒಬ್ಬಳು ಒಂಟಿ ಹೆಂಗಸು. ಹಳೆಯ ದುಃಖವನ್ನು ಹೂತುಬಿಡುತ್ತಾಳೆ. ಯಾರೋ ಬಾಗಿಲು ತಟ್ಟುತ್ತಾರೆ. ಪಾಯಸ ಬಡಿಸುತ್ತಾಳೆ. ಹೋದವನು ಮರಳಿ ಬರುತ್ತಾನೆ. ಮದುವೆ!

ಮೇಧಾ ನಕ್ಕಳು. ಫೆರಿಯ ಕಂಬಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುದಿನ ಸಂಘದಲ್ಲಿ ಎಲ್ಲರೆದುರು ಎದ್ದು ನಿಂತು, "ಈ ಮಹಾನುಭಾವ ಒಂಬತ್ತು ವರ್ಷದಿಂದ ಡಿಕ್ಷನರಿ ಕೇಳ್ತಿದಾನೆ!" ಎಂದುಬಿಟ್ಟಳು.

ಕೋಣೆ ನಕ್ಕ ಸದ್ದಿಗೆ ಕೆಳಗಿನ ಅಂಗಡಿಯ ಹಾರ್ಮೋನಿಯಂ ಒಂದು ತಾನಾಗಿಯೇ ಸರಿಹೋಯಿತು.

ಜಯತೀರ್ಥನೂ ನಕ್ಕ. ಎಲ್ಲರಿಗಿಂತ ತುಸು ತಡವಾಗಿ. ಚಹಾ ಮುಗಿಸಿದ. ಎಲ್ಲರೂ ಕುಡಿಕೆಯನ್ನು ಎಸೆದು ಒಡೆಯುವ ಊರಿನಲ್ಲಿ, ತನ್ನದನ್ನು ಮೆಲ್ಲಗೆ ಕಿಟಕಿಯ ಮೇಲಿಟ್ಟ. ಹೊರಟುಹೋದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಫೋನ್ ಎತ್ತಲಿಲ್ಲ.

'ಒಂದು ತಮಾಷೆಗೆ ಇಷ್ಟು ಮುನಿಸಾ? ತಪ್ಪು ಮಾಡಿದ್ದು ಅವನು! ನಾನು ಯಾಕೆ ಒದ್ದಾಡಬೇಕು?' ಮೇಧಾ ಸೊಳ್ಳೆಗಳನ್ನು ಕೇಳಿದಳು. ಅವೂ ಉತ್ತರ ಕೊಡಲಿಲ್ಲ. ಸಂಘದಲ್ಲಿ ಈಗ ಅವಳು ಏನು ಹೇಳಿದರೂ ಹನ್ನೊಂದು ತಲೆಗಳು ಅಲ್ಲಾಡುತ್ತಿದ್ದವು. ಎಂಥ ಅನ್ಯಾಯ! ಎದುರಾಡಲು ಒಬ್ಬನೂ ಇಲ್ಲ. ಚಹಾ ಸಪ್ಪೆ, ಊರು ಸಪ್ಪೆ...

ಕೊನೆಗೆ ಅವನ ಕಚೇರಿಗೇ ಫೋನ್ ಮಾಡಿದಳು. ಎತ್ತಿದವರು ಹಿರಿಯ ಗುಮಾಸ್ತ ಮಾದಪ್ಪ, ಚಾಮರಾಜನಗರದ ಕಡೆಯವರು.

"ಜಯತೀರ್ಥ ಸಾರಾ? ಹಲ್ದಿಯಾ ಡಾಕ್‌ಗೆ ವರ್ಗ ಕೇಳಿ ಬರ್ಕೊಟ್ಟವ್ರೆ ಕಣವ್ವ. ಸೋಮಾರ ಹೊಂಟೋಯ್ತಾರೆ."

"ಅವರೇ ಕೇಳ್ಕೊಂಡ್ರಾ?"

"ಊಂ. ಅಲ್ಲಿ ಯಾವ ಸಂಗೀತದ ಸಂಗಾನೂ ಇಲ್ವಂತೆ. ಅದ್ಕೇಯಾ ಅಂದ್ರು."

ಮೇಧಾ ಫೋನ್ ಕುಕ್ಕಿದಳು.

ಅಂದು ಸಂಜೆ ಅವಳು ಊಟದ ಮೇಜಿನ ಮುಂದೆ ಕೂತು ಕಿಡಿಕಾರಿದಳು. ಕಥೆಗೆ ಒಂದು ಮೊದಲು, ಒಂದು ಕೊನೆ ಇರುತ್ತದೆ, ಉಲ್ಟಾ ಕೇಳುವವನಿಗೆ ಬುದ್ಧಿ ಬೇಡವೇ, ಇತ್ಯಾದಿ. ನರಸಿಂಹಮೂರ್ತಿ ಪೇಪರಿನಿಂದ ತಲೆ ಎತ್ತಲಿಲ್ಲ.

"ಸಿಯಾಲ್ದಾದಿಂದ ನೈಹಾಟಿಗೆ ಹೋಗೋ ಗಾಡೀನೇ ವಾಪಸೂ ಬರೋದು. ಸ್ಟೇಷನ್ನುಗಳೂ ಅವೇ. ಬರೋವಾಗ ಕೆಲಸಕ್ಕೆ ಬರೋರು ಕೂತಿರ್ತಾರೆ, ಹೋಗೋವಾಗ ಮನೆಗೆ ಹೋಗೋರು. ಇದರಲ್ಲಿ ಯಾರು ತಪ್ಪು ಗಾಡಿ ಹತ್ತಿದ್ದು?"

"ಅಪ್ಪಾ, ಇದು ಹೆವಿ ಮೆಟಲ್. ಲೋಕಲ್ ಟ್ರೇನ್ ಅಲ್ಲ!"

"ಸದ್ದು ಒಂದೇ ಇದೆಯಲ್ಲಮ್ಮ," ಎಂದರು ಅವರು.

ಮರುದಿನ ಬೆಳಿಗ್ಗೆ ಅವಳು ಬಾಗಿಲು ಹಾಕಿಕೊಂಡು, ಹಲ್ಲು ಕಚ್ಚಿ, ಆ ಆರು ಹಾಡುಗಳನ್ನು ಅವನ ಕ್ರಮದಲ್ಲಿ ಜೋಡಿಸಿದಳು. ಕೇಳಿ ಬೈಯಬೇಕೆಂದೇ ಕೂತಳು.

ಮೊದಲ ಹಾಡಿಗೆ ಬೈದಳು. ಎರಡಕ್ಕೂ ಬೈದಳು. ಮೂರನೆಯದರಲ್ಲಿ ಬಾಗಿಲು ಬಡಿದ ಸದ್ದಿಗೆ, ಅದೇಕೋ, ಬೈಯುವುದು ಮರೆತುಹೋಯಿತು. ನಾಲ್ಕನೆಯದರಲ್ಲಿ ಪಿಶಿಮಾ ಬಟ್ಟಲು ಮುಂದಿಟ್ಟಳು...

ಶನಿವಾರ ಮಧ್ಯಾಹ್ನ ಖಿದಿರ್‌ಪುರದ ಡಾಕ್ ಕಚೇರಿಯ ಬಾಗಿಲು ಗೋಡೆಗೆ ಬಡಿಯಿತು.

"ಏನ್ರೀ ನೀವು!"

ಜಯತೀರ್ಥ ಬೆಚ್ಚಿ ಎದ್ದ. ಕಣ್ಣ ಕೆಳಗೆ ಕಪ್ಪು. ಮೇಧಾ ಅದನ್ನು ಕಂಡಳು. ಆದರೂ ದನಿ ಇಳಿಯಲಿಲ್ಲ.

"ನಕ್ಕಿದ್ದಕ್ಕೆ ಊರೇ ಬಿಟ್ಟು ಹೋಗ್ತೀರಾ? ಬೈಬೇಕಿತ್ತು! ಜಗಳ ಆಡಬೇಕಿತ್ತು!"

"ನೀವು ನಕ್ಕಿದ್ದಕ್ಕಲ್ರೀ..." ಅವನು ಕಿಟಕಿಯಾಚೆ ಹಡಗಿನ ಕಡೆ ನೋಡಿದ. "ನಾ ಈ ಊರಿಗೆ ಬಂದಾಗ ಒಂದು ನರಪಿಳ್ಳೀನೂ ಗೊತ್ತಿರಲಿಲ್ಲ. ಭಾಷಾ ಬರ್ತಿದ್ದಿಲ್ಲ. ಹಡಗ ಬರ್ತಾವ, ಹೋಗ್ತಾವ, ನಾ ಇಲ್ಲೇ. ಆವಾಗ ಆ ಹೆಂಗಸು ಸಿಕ್ಕಳು. ಮೊದಲನೇ ಹಾಡಿನ್ಯಾಗ ನನ್ನಂಗ ಒಬ್ಬಾಕಿನ ಕೂತಿದ್ದಳು. ಆರನೇ ಹಾಡಿಗೆ ಮದಿವಿ. ನಲವತ್ತು ನಿಮಿಷದಾಗ ಆಕಿ ಹಣೇಬರಾ ಬದಲಾಗೂದಾದ್ರ, ನಂದೂ ಒಂದಿನ ಆದೀತು ಅಂದ್ಕೊಂಡಿದ್ದೆ. ಮೊನ್ನೆ ನಿಮ್ಮ ಕ್ರಮದಾಗ ಕೇಳ್ದೆ. ಕೊನೀಗೆ ಆಕಿ ಒಬ್ಬಾಕಿನ ಉಳೀತಾಳ... ಅದಕ್ಕ ಬ್ಯಾಸರಾತು. ನಿಮ್ಮ ಮ್ಯಾಲಲ್ಲ."

ಒಂಬತ್ತು ವರ್ಷ ಒಬ್ಬ ಮನುಷ್ಯ ಕೈಹಿಡಿದು ನಡೆದದ್ದನ್ನು ಮೇಧಾ ಹನ್ನೊಂದು ಜನರ ಮುಂದೆ ನಗೆಪಾಟಲು ಮಾಡಿದ್ದಳು.

"ನೋಡಿ... ನೀವು ಕೇಳಿದ್ದು ತಪ್ಪೇ. ಸತ್ತರೂ ಅದನ್ನ ಸರಿ ಅನ್ನಲ್ಲ. ಆದ್ರೆ ಎಲ್ಲರೆದುರು ಹಾಗೆ ಅಂದಿದ್ದು ನನ್ನ ತಪ್ಪು. ಆಮೇಲೆ ನಿನ್ನೆ... ನಿಮ್ಮ ಕ್ರಮದಲ್ಲಿ ಕೇಳ್ದೆ."

"ಕೇಳಿದ್ರಿ?!"

"ಪಾಯಸದ ಹಾಡಿಗೆ ಅತ್ತುಬಿಟ್ಟೆ! ನಾನು! ಕಂಕಾಲ್ ರಾಯ್ ಹಾಡಿಗೆ! ಎಷ್ಟು ಕೋಪ ಬಂತು ಗೊತ್ತಾ ನಿಮ್ಮ ಮೇಲೆ?"

"ನನ್ನ ಮ್ಯಾಲ ಯಾಕ್ರೀ?"

"ಯಾಕಂದ್ರೆ ಅವಳು ಬಾಗಿಲು ತೆಗೆದಾಗ ಹೊರಗೆ ನಿಂತಿದ್ದೋರು ನೀವು! ಅದೇ ಬಿಳೀ ಶರ್ಟು! ಇಷ್ಟು ವರ್ಷ ಆ ಜಾಗದಲ್ಲಿ ಒಂದು ಹೆಣ ಕಾಣಿಸ್ತಿತ್ತು ನಂಗೆ, ಚೆನ್ನಾಗಿರೋ ಹೆಣ! ಈಗ ನೀವೇ ಕಾಣಿಸ್ತೀರ. ನನ್ನ ಆಲ್ಬಮ್ ಹಾಳು ಮಾಡಿ ಹಲ್ದಿಯಾಕ್ಕೆ ಹೋಗ್ತೀನಿ ಅಂದ್ರೆ... ನಾನು... ನಾನು ಬಿಡಲ್ಲ ಜಯತೀರ್ಥ!"

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಕಣ್ಣೀರು ಜಾರಿತು.

ಅವನು ಹೆಜ್ಜೆ ಮುಂದಿಟ್ಟ. "ಆದ್ರ... ಅರ್ಜಿ ಕೊಟ್ಟಬಿಟ್ಟೀನಲ್ರೀ."

ಮೂಲೆಯ ಮೇಜಿನಿಂದ ಕೆಮ್ಮು ಕೇಳಿಸಿತು. ಮಾದಪ್ಪ.

"ಅರ್ಜಿ ಇನ್ನೂ ನನ್ನ ಮೇಜಿನ ಡ್ರಾದಾಗೇ ಅದೆ ಸಾರ್. ಮ್ಯಾಲಕ್ಕೆ ಕಳಿಸ್ಲಿಲ್ಲ."

"ಸೋಮವಾರ ಹೋಗ್ತಾರೆ ಅಂದ್ರಲ್ಲ!" ಮೇಧಾ ಅವರ ಮೇಲೆ ಹರಿಹಾಯ್ದಳು.

"ಅಂಗಂದ್ರೆ ತಾನೇ ನೀವು ಬರದು?" ಮಾದಪ್ಪ ಎದ್ದು ನಿಂತರು. "ಮೂವತ್ತು ವರ್ಸ ಅಡಗು ಕಾದಿವ್ನಿ ಕಣವ್ವ. ಯಾವ್ದು ಎಷ್ಟೊತ್ತಿಗೆ ದಡಕ್ಕೆ ಬತ್ತದೆ ಅಂತ ಗೊತ್ತಾಯ್ತದೆ."

ಜಯತೀರ್ಥ ನಕ್ಕ. ಈ ಸಲ ತಡಮಾಡಲಿಲ್ಲ.

ಮರುದಿನ ಕಸ್ಬಾದ ಮನೆಗೆ ಅವನು ಊಟಕ್ಕೆ ಬಂದ. ನರಸಿಂಹಮೂರ್ತಿಯವರಿಗೆ ಡ್ಯೂಟಿ. ಇಂದಿರಮ್ಮ ಅಡುಗೆಮನೆಯಲ್ಲಿ ಹಪ್ಪಳ ಕರಿಯುತ್ತಿದ್ದರು. ಹಾಲ್‌ನಲ್ಲಿ ಮೇಧಾ ಸೋಫಾದ ಮೇಲೆ ಕಾಲು ಮಡಚಿ ಕೂತು, ಅವನ ಕಡೆ ಬೆರಳು ತೋರಿಸುತ್ತ ಶುರು ಮಾಡಿದ್ದಳು.

"ಪ್ರೇಮಕಥೆ ಅಂತ ಒಪ್ಪಿದೀನಿ ಅಂದ್ಕೋಬೇಡಿ! ಮದುವೆ ಹಾಡಲ್ಲಿ ಪಿಶಿಮಾ ದನಿ ತಗ್ಗಿನಲ್ಲಿದೆ. ಪಾಯಸದ ಹಾಡಲ್ಲಿ, ಮಧ್ಯದಲ್ಲಿ, ಒಂದೇ ಒಂದು ಸಾಲು ಕೀರಲಾಗತ್ತೆ. ಯಾರಾದ್ರೂ ಗಮನಿಸಿದಾರಾ? ಒಬ್ಬರೂ ಇಲ್ಲ! ಅಂದ್ರೆ ಏನರ್ಥ? ಆ ಪಾಯಸ ತಿಂದಿದ್ದು ಗಂಡ ಅಲ್ಲ, ಅವಳೇ..."

ಜಯತೀರ್ಥ ಎದ್ದು ಒಳಗೆ ಹೊರಟ.

"ಎಲ್ಲಿಗೆ? ನಾನಿನ್ನೂ ಮುಗಿಸಿಲ್ಲ!"

"ಗೊತ್ತದ. ಅಡಿಗಿಮನಿಗೆ ಹೋಗಿ ಬರ್ತೀನಿ. ನಿಮ್ಮ ತಾಯಿಯವ್ರನ್ನ ಒಂದು ಮಾತು ಕೇಳೂದದ."

"ಏನು ಮಾತು?"

"ಈ ವಾದ ಮುಗಿಯೂತನಕಾ ನಿಮ್ಮ ಮಗಳನ್ನ ನನಗ ಕೊಡ್ತೀರೇನು ಅಂತ."

ಮೇಧಾಳ ಕೆನ್ನೆ ಬಿಸಿಯಾಯಿತು. ಎತ್ತಿದ ಬೆರಳು ಮಡಿಲಿಗೆ ಇಳಿಯಿತು.

"ಇದು... ಮುಗಿಯೋ ವಾದ ಅಲ್ಲ ಕಣ್ರೀ."

"ಅದಕ್ಕ ಕೇಳ್ಲಿಕ್ಕೆ ಹೊಂಟೀನಿ."