ಉಲ್ಟಾ ಅಂಗಿ

ಸತ್ತ ಮೇಲಾದರೂ ಸುಮ್ಮನೆ ಮಲಗೋಣ ಎಂದರೆ ಯಶಸ್ವಿನಿಗೆ ಆ ಭಾಗ್ಯವೂ ಇರಲಿಲ್ಲ. ಸ್ಟೇಜಿನ ಲೈಟ್ ಆರಿದ್ದೇ ತಡ, ಪರದೆಯ ಪಕ್ಕಕ್ಕೆ ತೆವಳಿಕೊಂಡು ಬಂದು, ಹಸಿರು ಅಂಗಿ ಬಿಚ್ಚಿ ಉಲ್ಟಾ ಮಾಡಿದಳು. ಒಳಗಡೆ ಕಂದು ಬಣ್ಣ. ಹಸಿರು ನಮ್ಮ ಸೈನಿಕರದು, ಕಂದು ವೈರಿಗಳದು.

“ಟೀಚರ್, ಸುಸ್ತಾಯ್ತು. ಈ ಸಲ ಬೇರೆ ಯಾರಾದ್ರೂ ಸಾಯ್ಲಿ.”

“ಇರೋರೇ ಏಳು ಜನ. ಅದ್ರಲ್ಲೇ ಎರಡು ಸೈನ್ಯ ಆಗ್ಬೇಕು. ಇನ್ಯಾರನ್ನ ಸಾಯಿಸ್ಲಿ ಮಾರಾಯ್ತಿ?” ಎಂದು ವೇದಾವತಿ ಟೀಚರ್ ಗುರುತು ಸಿಗದ ಹಾಗೆ ಅವಳ ಹೆಲ್ಮೆಟ್ಟನ್ನು ಹುಬ್ಬಿನವರೆಗೆ ಎಳೆದರು. ಕೂಗಿ ಕೂಗಿ ಅವರ ಗಂಟಲೂ ಕಟ್ಟಿಹೋಗಿತ್ತು.

ರಿಪ್ಪನ್‌ಪೇಟೆ ಶಾಲೆಯ ಈ ಯುದ್ಧದ ನಾಟಕ ಸಾಗರದಲ್ಲಿ ಆಗಿ, ಹೊಸನಗರದಲ್ಲಿ ಆಗಿ, ಈಗ ತೀರ್ಥಹಳ್ಳಿಯ ರಂಗಮಂದಿರಕ್ಕೆ ಬಂದಿತ್ತು. ಹೋದಲ್ಲೆಲ್ಲ ಬೀಳುವುದು, ಏಳುವುದು, ವ್ಯಾನಿನಲ್ಲಿ ತೂಕಡಿಸುವುದು. ಯಶಸ್ವಿನಿಗೆ ಸಾಕೋ ಸಾಕಾಗಿತ್ತು. ಆದರೆ ಬಾಯಲ್ಲಿ ಏನೇ ಅಂದರೂ ಇವತ್ತು ತಪ್ಪಿಸಿಕೊಳ್ಳುವ ಮನಸ್ಸಿರಲಿಲ್ಲ. ಇದೇ ಊರಿನಲ್ಲಿರುವ ಅವಳ ಅಮ್ಮನ ತಾಯಿ ದುಗ್ಗಮ್ಮಜ್ಜಿ ಮೊದಲ ಸಾಲಿನಲ್ಲಿ ಕೂತಿದ್ದರು. ಅವರ ಬಾಯಲ್ಲಿ ‘ಚೆನ್ನಾಗಿ ಮಾಡ್ದೆ’ ಅನ್ನಿಸಿಕೊಳ್ಳಬೇಕು ಎಂಬ ಆಸೆ ಅವಳಿಗೆ.

ಅರ್ಧ ಆಸೆ ಆಗಲೇ ತೀರಿತ್ತು. ಹಸಿರು ಅಂಗಿಯಲ್ಲಿ ಬಿದ್ದಾಗ ಇಡೀ ಹಾಲ್ ಗಪ್‌ಚುಪ್. ಅಜ್ಜಿ ಮೂಗು ಒರೆಸಿಕೊಂಡಿದ್ದು ಹೆಣಕ್ಕೂ ಕೇಳಿಸಿತ್ತು.

ಡ್ರಮ್ ಬಡಿಯಿತು. ಕಂದು ಅಂಗಿಯ ಯಶಸ್ವಿನಿ ಓಡಿಬಂದಳು. ಹಸಿರು ಅಂಗಿಯ ದುರ್ಗೇಶ್ ಮರದ ಬಂದೂಕು ಎತ್ತಿ ಗುರಿಯಿಟ್ಟ. ಸ್ಪೀಕರ್‌ನಲ್ಲಿ ಢಂ ಎಂದಿತು. ದೊಪ್ಪನೆ ಬಿದ್ದಳು.

ಚಪ್ಪಾಳೆಯೋ ಚಪ್ಪಾಳೆ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಅದು ಎಲ್ಲ ಊರಲ್ಲೂ ಇದ್ದದ್ದೇ. ಆದರೆ ಇವತ್ತು ಅದರ ನಡುವೆ, ತೀರಾ ಹತ್ತಿರದಿಂದ, ಅಜ್ಜಿಯ ದನಿ ಕೇಳಿತು.

“ಹಂಗೇ ಆಗ್ಬೇಕು ಆ ಹಾಳಾದ್ದಕ್ಕೆ.”

ಸತ್ತವರು ಅಲುಗುವ ಹಾಗಿಲ್ಲ. ಯಶಸ್ವಿನಿಗೆ ಅಳು ಒತ್ತರಿಸಿ ಬಂತು. ತುಟಿ ಕಚ್ಚಿಕೊಂಡು ಮಲಗಿದಳು.

ನಾಟಕ ಮುಗಿದ ಮೇಲೆ ಅಜ್ಜಿ ಸ್ಟೇಜಿನ ಹಿಂದೆ ಬಂದರು. ಯಶಸ್ವಿನಿ ಅಷ್ಟರಲ್ಲಿ ತನ್ನ ಫ್ರಾಕ್ ಹಾಕಿಕೊಂಡು, ಅಂಗಿಯನ್ನು ಮಡಚುತ್ತಿದ್ದಳು.

“ನೀನು ಬಿದ್ದಾಗ ನನ್ನ ಎದೆ ಒಡ್ದೇಹೋಯ್ತು ಮಗ. ಆಮೇಲೆ ಆ ಕಂದು ಅಂಗಿಯದು ಬಿತ್ತು ನೋಡು, ಆಗ ಹೊಟ್ಟೆ ತಣ್ಣಗಾಯ್ತು. ಅಂಗೈ ಉರಿಯೋ ಹಂಗೆ ಚಪ್ಪಾಳೆ ತಟ್ದೆ.”

ಯಶಸ್ವಿನಿ ಕೈಯಲ್ಲಿದ್ದ ಕಂದು ಅಂಗಿಯನ್ನು ತಿರುವಿದಳು. ಹಸಿರಾಯಿತು. ಮತ್ತೆ ತಿರುವಿದಳು.

ಅಜ್ಜಿ ಅಂಗಿಯನ್ನು ನೋಡಿದರು, ಮೊಮ್ಮಗಳ ಮುಖ ನೋಡಿದರು.

“ಅದೂ ನೀನೇನಾ?”

“ಹ್ಞೂಂ.”

ಅಜ್ಜಿ ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕೂತರು. ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. “ಬಿದ್ದಾಗ ಪೆಟ್ಟಾಯ್ತಾ ಮಗ?”

“ಮೊದಲ್ನೇ ಸಲ ಆಗ್ಲಿಲ್ಲ.”

ಅಜ್ಜಿ ಅವಳ ಕೆನ್ನೆ ಸವರಿದರು. ಅಂಗೈ ಇನ್ನೂ ಬಿಸಿಯಾಗಿತ್ತು. ಯಶಸ್ವಿನಿಗೆ ಸಿಟ್ಟು ಬರಲಿಲ್ಲ. ಹೆಲ್ಮೆಟ್ಟಿನ ಒಳಗೆ ಯಾರಿದ್ದಾರೆಂದು ಗೊತ್ತಿದ್ದರೆ ಈ ಕೈ ಚಪ್ಪಾಳೆ ತಟ್ಟುತ್ತಲೇ ಇರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಚೆನ್ನಾಗಿ ಮಾಡಿದೆನಾ ಎಂದು ಕೇಳದೆ, ಅಜ್ಜಿಯ ತೋಳಿಗೆ ಒರಗಿ ಕಣ್ಣು ಮುಚ್ಚಿದಳು.